ವರ್ಷದ ಹಾಳೆಯ ಮುಖ

೨೦೨೪ರ ಅಕ್ಟೋಬರ್ ೧೬, ಬುಧವಾರ. ಮುದ್ರಿಸಿದ ಹಾಳೆಗಳು ನಲವತ್ತು. ಮಧ್ಯಾಹ್ನದೊಳಗೆ ಬಲ್ಗೇರಿಯದ ಗಾಬ್ರೊವೊ ಪಟ್ಟಣದಲ್ಲಿ ಅಂಟಿಸಿದವು ಮೂವತ್ತೇಳು. ಪ್ರತಿಯೊಂದರಲ್ಲಿಯೂ ಹೆಸರು ನನ್ನ ಹೆಂಡತಿ ರಾಡ್ಕಾಳದು, ಮುಖ ಅವಳ ತಂಗಿ ಗಿನ್ಕಾಳದು. ರಾಡ್ಕಾ ತೀರಿಕೊಂಡು ಆ ಭಾನುವಾರಕ್ಕೆ ಒಂದು ವರ್ಷ. ಗಿನ್ಕಾ ಬದುಕಿದ್ದಾಳೆ, ನದಿಯ ಆಚೆ ದಡದ ಕಟ್ಟಡದಲ್ಲಿ, ಮೂರನೆಯ ಮಹಡಿಯಲ್ಲಿ.

ಉತ್ತರವನ್ನು ಮೊದಲು ಬರೆದು ಕ್ರಮವನ್ನು ಆಮೇಲೆ ತೋರಿಸುವ ಮಕ್ಕಳಿಗೆ ನಾನು ಅರ್ಧ ಅಂಕ ಕಳೆಯುತ್ತಿದ್ದೆ. ಅಂಕಗಣಿತ ಕಲಿಸುವುದೇ ನನ್ನ ಕೆಲಸವಾಗಿತ್ತು. ಈ ಸಲ ಉತ್ತರ ಇಡೀ ಊರಿಗೆ ತಿಳಿದಿದೆ. ಕ್ರಮವೊಂದೇ ಉಳಿದಿದೆ.

ನಮ್ಮಲ್ಲಿ ಸತ್ತವರನ್ನು ಒಂದೇ ಸಲಕ್ಕೆ ಕಳುಹಿಸಿಕೊಡುವ ಪದ್ಧತಿಯಿಲ್ಲ. ಸತ್ತ ದಿನ, ನಲವತ್ತನೆಯ ದಿನ, ಅರ್ಧ ವರ್ಷಕ್ಕೆ, ವರ್ಷಕ್ಕೆ ಭಾವಚಿತ್ರವಿರುವ ಹಾಳೆ ಮುದ್ರಿಸಿ ಮನೆಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ದೀಪದ ಕಂಬಗಳಿಗೆ, ಸತ್ತವರು ದುಡಿದ ಕಾರ್ಖಾನೆಯ ಗೇಟಿಗೆ ಅಂಟಿಸುತ್ತೇವೆ. ಮಳೆ ಬಂದು ಕಿತ್ತುಹಾಕುತ್ತದೆ. ಗಡುವು ಬಂದಾಗ ಇನ್ನೊಂದು ಅಂಟಿಸುತ್ತೇವೆ.

ಮೊದಲ ಮೂರು ಸಲ ನಾನು ಹಾಕಿಸಿದ್ದು ರಾಡ್ಕಾಳ ಗುರುತಿನ ಚೀಟಿಯ ಚಿತ್ರ. ಅದು ಕೈಯಲ್ಲೇ ಇತ್ತು, ಹುಡುಕುವ ಕೆಲಸವಿರಲಿಲ್ಲ. ಅರ್ಧ ವರ್ಷದ ದಿನ ಸಮಾಧಿಯ ಬಳಿ, ಪದ್ಧತಿಯಂತೆ, ಬೇಯಿಸಿದ ಗೋಧಿಯನ್ನು ಹಂಚುವಾಗ ಗಿನ್ಕಾ ತನ್ನ ಪಾಲನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಳು, ತಿನ್ನಲಿಲ್ಲ.

"ಭಾವ, ಇದು ಪೊಲೀಸ್ನೋರು ಗೋಡೆಗೆ ಹಾಕೋ ಫೋಟೋ. ನನ್ನಕ್ಕ ಏನು ಕದ್ದು ಓಡಿಹೋಗಿದ್ಲಾ?"

ಚಿತ್ರ ಸ್ಪಷ್ಟವಾಗಿದೆ ಎಂದೆ.

"ನಲವತ್ತಾರು ವರ್ಷ ನೀನು ಅವಳ ಪಕ್ಕದಲ್ಲಿ ಕೂತಿದ್ದೆ. ಅವಳ ಮುಖ ಹೇಗಿತ್ತು ಅಂತ ನಿಂಗೆ ಗೊತ್ತೇ ಇಲ್ಲ. ಗೊತ್ತಿದ್ರೆ ವರ್ಷದ ಹಾಳೇಲಿ ತೋರ್ಸು."

ಆಮೇಲೆ ಗೋಧಿಯನ್ನು ಬಾಯಿಗೆ ಹಾಕಿಕೊಂಡು, ಎಲ್ಲರೂ ಹೇಳುವಂತೆ, ದೇವರು ಕ್ಷಮಿಸಲಿ ಎಂದಳು. ಅದು ಸತ್ತವಳನ್ನು ಕುರಿತು ಹೇಳುವ ಮಾತು.

ಹೇಳಿಕೆಯೊಂದನ್ನು ಯಾರಾದರೂ ಮುಂದಿಟ್ಟರೆ ಅದನ್ನು ಸಾಧಿಸಬೇಕು, ಇಲ್ಲವೇ ತಳ್ಳಿಹಾಕಬೇಕು. ವರ್ಷದ ಹಾಳೆಯಲ್ಲಿ ರಾಡ್ಕಾಳ ಮುಖವನ್ನು ಇದ್ದಂತೆ ತೋರಿಸಿ ಗಿನ್ಕಾಳ ಮಾತನ್ನು ತಳ್ಳಿಹಾಕುವುದೆಂದು ತೀರ್ಮಾನಿಸಿದೆ. ದುಃಖದಿಂದ ಮಾಡಿದ ತೀರ್ಮಾನ ಅದಲ್ಲ. ಹಲ್ಲು ಕೀಳುವ ಮುನ್ನ ಒಸಡಿಗೆ ಚುಚ್ಚುವ ಮದ್ದು ಇಳಿಯದೆ ಉಳಿದುಬಿಟ್ಟಂತೆ ನನಗೆ ಆ ವರ್ಷವೆಲ್ಲ ಇತ್ತು. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೆ, ಒಂದು ತಟ್ಟೆ ತೊಳೆದಿಡುತ್ತಿದ್ದೆ. ಜನ ನನ್ನನ್ನು ಗಟ್ಟಿ ಮನುಷ್ಯನೆಂದು ಹೊಗಳಿದರು.

ಮುಖ ಎಲ್ಲಿಂದ ತರುವುದೆಂಬುದು ಮುಂದಿನ ಪ್ರಶ್ನೆಯಾಗಿತ್ತು. ರಾಡ್ಕಾಳ ಫೋನಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಚಿತ್ರಗಳಿದ್ದವು. ಕಂಡದ್ದನ್ನೆಲ್ಲ ತೆಗೆಯುವ ಅಭ್ಯಾಸ ಅವಳದು: ಉಪ್ಪಿನಕಾಯಿ ಭರಣಿ, ಔಷಧದ ಡಬ್ಬಿಯ ಮೇಲಿನ ಬರಹ, ಬಾಲ್ಕನಿಯ ಕಂಬಿಯ ಮೇಲೆ ಕೂತ ಹಿಮ. ನಮಗೆ ಮಕ್ಕಳಿಲ್ಲ, ಆ ಚಿತ್ರಗಳನ್ನು ನೋಡಲು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಕೆಳಗಿನ ಮಹಡಿಯ ಪೆನ್ಯೋ ನಿವೃತ್ತ ಬಸ್ ಚಾಲಕ. ರಾಡ್ಕಾ ಫೋನು ಕೊಂಡದ್ದು ಅವನ ಸಲಹೆಯಂತೆ; ಅವನದೂ ಅದೇ ತಯಾರಿಕೆಯದು. ನನ್ನದು ಬೇರೆ, ಅದರ ಅರ್ಧ ಬೆಲೆಯದು. ಸೆಪ್ಟೆಂಬರಿನ ಒಂದು ಸಂಜೆ ಕಟ್ಟಡದ ಮುಂದಿನ ಬೆಂಚಿನಲ್ಲಿ ನಾನು ಈ ವಿಷಯವನ್ನು ಹೇಳಿದಾಗ ಪೆನ್ಯೋ ಕೈಬೀಸಿ ತಳ್ಳಿಹಾಕಿದ. ಒಂದೊಂದೇ ಚಿತ್ರ ನೋಡುತ್ತ ಕೂರುವ ಕಾಲ ಹೋಯಿತಂತೆ. ಅವನ ಬಗೆಯ ಫೋನಿಗೆ ಹೆಸರು ಹೇಳಿದರೆ ಸಾಕಂತೆ, ಮುಖವನ್ನು ಅದೇ ಹುಡುಕಿ ಕೊಡುತ್ತದಂತೆ. ನನ್ನ ಫೋನಿನಿಂದ ಅದೆಲ್ಲ ಆಗದಂತೆ.

"ಬಾಗಿಲು ಬೇಗ ಮುಚ್ಚಿ ಶಾಖ ಉಳೀಲಿ ಅಂತ ಬೆಕ್ಕಿನ ಬಾಲ ಕತ್ತರಿಸಿದ ಊರು ನಮ್ದು," ಎಂದ. "ನೀವು ಬಿಡಿ ಮೇಷ್ಟ್ರೇ, ಬೆಕ್ಕನ್ನೇ ಅರ್ಧ ಕತ್ತರಿಸಿದ್ದೀರಿ."

ಪರೀಕ್ಷೆಯಿಲ್ಲದೆ ಒಪ್ಪಿಕೊಳ್ಳುವುದು ನನ್ನ ಅಭ್ಯಾಸವಲ್ಲ. ಮರುದಿನ ಹತ್ತು ಪ್ರಶ್ನೆಗಳೊಂದಿಗೆ ಇಳಿದುಬಂದೆ. ಎರಡು ಫೋನುಗಳೂ ಬೆಂಚಿನ ಮೇಲೆ ಒಂದೇ ದೂರದಲ್ಲಿರಬೇಕು. ಪ್ರತಿ ಪ್ರಶ್ನೆಯನ್ನು ಒಮ್ಮೆ ಮಾತ್ರ ಕೇಳಬೇಕು. ಸರಿಯುತ್ತರಕ್ಕೆ ಒಂದು ಅಂಕ, ಉತ್ತರದ ಬದಲು ಪುಟಗಳ ಪಟ್ಟಿ ಕೊಟ್ಟರೆ ಅರ್ಧ, ತಪ್ಪಿಗೆ ಸೊನ್ನೆ. ಪೆನ್ಯೋ ಒಪ್ಪಿದ.

ಅವನ ಫೋನಿನೊಳಗಿನ ಹೆಂಗಸಿಗೆ ಬಲ್ಗೇರಿಯನ್ ಬಾರದು. ಅವನು ಅವಳೊಡನೆ ಶಾಲೆಯಲ್ಲಿ ಕಲಿತ ರಷ್ಯನ್ನಿನಲ್ಲಿ ಮಾತನಾಡುತ್ತಿದ್ದ. ಹಿಂದಿನ ಬಾಗಿಲಲ್ಲಿ ನಿಂತ ಪ್ರಯಾಣಿಕರನ್ನು ಒಳಗೆ ಸರಿಯಿರಿ ಎಂದು ಗದರಿಸುವ ಧ್ವನಿಯಲ್ಲಿ. ಅವಳು ಬೆಣ್ಣೆಯಂಥ ದನಿಯಲ್ಲಿ ಉತ್ತರಿಸುತ್ತಿದ್ದಳು. ಎದುರು ಬೆಂಚಿನಲ್ಲಿ ಉಣ್ಣೆ ಹೆಣೆಯುತ್ತಿದ್ದ ಮುದುಕಿ ಸೂಜಿ ನಿಲ್ಲಿಸಿದಳು.

"ಪೆನ್ಯೋ, ಆ ರಷ್ಯದವಳು ಯಾರಪ್ಪಾ? ನಿನ್ನ ಹೆಂಡ್ತಿಗೆ ಗೊತ್ತಾ?"

"ಗೊತ್ತು ಅಜ್ಜೀ. ನಾನು ಹೇಳಿದ್ದನ್ನ ಇವಳಾದ್ರೂ ಕೇಳ್ತಾಳಲ್ಲ ಅಂತ ಅವಳಿಗೂ ಸಮಾಧಾನ."

ನನ್ನ ಫೋನಿಗೆ ನಮ್ಮ ಭಾಷೆ ತಿಳಿಯುತ್ತಿತ್ತು, ಆದರೆ ಅದು ಹೆಚ್ಚು ಮಾತಾಡುತ್ತಿರಲಿಲ್ಲ. ಮುನ್ನೂರ ನಲವತ್ತರ ಶೇಕಡ ಹದಿನೇಳು ಎಷ್ಟೆಂದು ಕೇಳಿದೆ. ಎರಡೂ ಸರಿಯಾಗಿ ಹೇಳಿದವು. ಬೆಟ್ಟದ ಮೇಲಿನ ಮಠಕ್ಕೆ ಭಾನುವಾರ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ. ನನ್ನದು ನಾಲ್ಕು ಪುಟಗಳ ಹೆಸರು ತೋರಿಸಿತು, ಅವನದು ರಷ್ಯದ ಯಾವುದೋ ಮಠದ ವೇಳಾಪಟ್ಟಿಯನ್ನು ವಿನಯದಿಂದ ಓದಿತು. ವರ್ಷದ ದಿನಕ್ಕೆ ಗೋಧಿಯನ್ನು ಎಷ್ಟು ಹೊತ್ತು ಬೇಯಿಸಬೇಕೆಂದು ಕೇಳಿದೆ. ನನ್ನದು ಮತ್ತೆ ಪುಟಗಳ ಪಟ್ಟಿ ಕೊಟ್ಟಿತು. ಅವನದು ಇಪ್ಪತ್ತು ನಿಮಿಷವೆಂದಿತು. ಇಪ್ಪತ್ತು ನಿಮಿಷದಲ್ಲಿ ಆ ಗೋಧಿಯ ಸಿಪ್ಪೆಯೂ ನೆನೆಯುವುದಿಲ್ಲ. ಸೊನ್ನೆ ಕೊಟ್ಟೆ.

"ನಿಮ್ಮದು ಗೊತ್ತಿದ್ರೂ ಬಾಯಿ ಬಿಡಲ್ಲ," ಎಂದ ಪೆನ್ಯೋ. "ನಿಮ್ಮ ಹಾಗೇ."

"ನಿಂದು ಗೊತ್ತಿಲ್ದಿದ್ರೂ ಮಾತಾಡತ್ತೆ," ಎಂದೆ. "ನಿನ್ನ ಹಾಗೇ."

ಕೊನೆಯಲ್ಲಿ ನನ್ನದಕ್ಕೆ ಆರೂವರೆ, ಅವನದಕ್ಕೆ ಆರು ಅಂಕ ಬಂದವು. ಪೆನ್ಯೋ ಒಪ್ಪಲಿಲ್ಲ. ಪಟ್ಟಿ ಕೊಟ್ಟದ್ದಕ್ಕೆ ಅರ್ಧ ಅಂಕ ಕೊಡುವುದು ಮೇಷ್ಟ್ರ ಪಕ್ಷಪಾತವೆಂದ. ಮಾತು ಯಾರು ಬೇಕಾದರೂ ಆಡುತ್ತಾರೆ, ಮುಖ ಹುಡುಕುವುದರಲ್ಲಿ ನೋಡೋಣವೆಂದು ಎದ್ದು ನಿಂತ. ನಾನು ಮೇಲೆ ಹೋಗಿ ಕಪಾಟಿನಿಂದ ರಾಡ್ಕಾಳ ಫೋನನ್ನು ತಂದೆ. ಅದು ಅವಳು ಆಸ್ಪತ್ರೆಗೆ ಹೋದಂದಿನಿಂದ ಆರಿಯೇ ಇತ್ತು. ಪೆನ್ಯೋ ತನ್ನ ಚಾರ್ಜರಿಗೆ ಸಿಕ್ಕಿಸಿದ. ಬೆಳಕು ಬಂತು. ಪರದೆಯ ಮೇಲೆ ಕೆಂಪು ದೊಣ್ಣೆಮೆಣಸಿನಕಾಯಿಯ ಭರಣಿಗಳ ಸಾಲಿತ್ತು.

ಆ ಫೋನು ತಾನಾಗಿಯೇ ಮುಖಗಳನ್ನು ಗುಂಪು ಮಾಡಿಟ್ಟುಕೊಂಡಿತ್ತು. ಒಂದು ದುಂಡನೆಯ ಚೌಕಟ್ಟಿನಲ್ಲಿ ಒಬ್ಬ ಹೆಂಗಸು, ಕೆಳಗೆ ಇನ್ನೂರ ಎಪ್ಪತ್ತಮೂರು ಚಿತ್ರಗಳೆಂಬ ಬರಹ. ಪೆನ್ಯೋ ಅದಕ್ಕೆ ರಾಡ್ಕಾ ಎಂದು ಹೆಸರು ಕೊಟ್ಟ. ಆಮೇಲೆ ಫೋನನ್ನು ಬಾಯಿಯ ಹತ್ತಿರ ಹಿಡಿದು ರಷ್ಯನ್ನಿನಲ್ಲಿ, ರಾಡ್ಕಾಳನ್ನು ತೋರಿಸು, ಎಂದ. ಇನ್ನೂರ ಎಪ್ಪತ್ತಮೂರೂ ಬಂದು ನಿಂತವು. ಪೆನ್ಯೋ ಮುಖವನ್ನು ನೋಡಲಿಲ್ಲ, ಸಂಖ್ಯೆಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

ನಾನು ಮರುದಿನ ಫೋನಿನ ಅಂಗಡಿಗೆ ಹೋಗಿ ಆ ಚಿತ್ರಗಳನ್ನೆಲ್ಲ ನನ್ನ ಫೋನಿಗೂ ಹಾಕಿಸಿಕೊಂಡೆ. ಒಂದೇ ಪ್ರಶ್ನೆಪತ್ರಿಕೆಯನ್ನು ಇಬ್ಬರಿಗೂ ಕೊಡಬೇಕು. ಸಂಜೆಯ ಹೊತ್ತಿಗೆ ನನ್ನದೂ ಮುಖಗಳನ್ನು ಗುಂಪು ಮಾಡಿತ್ತು. ಆದರೆ ಅದು ತೋರಿಸಿದ್ದು ಒಬ್ಬಳನ್ನಲ್ಲ, ಇಬ್ಬರನ್ನು. ಒಂದು ಚೌಕಟ್ಟಿನಲ್ಲಿ ಇನ್ನೂರ ಹನ್ನೆರಡು ಚಿತ್ರಗಳು, ಇನ್ನೊಂದರಲ್ಲಿ ಅರವತ್ತೊಂದು. ಕೆಳಗೆ ಎರಡು ಮುಖಗಳನ್ನು ಅಕ್ಕಪಕ್ಕ ಇಟ್ಟು ನನ್ನನ್ನು ಕೇಳಿತು: ಇವರಿಬ್ಬರೂ ಒಬ್ಬರೇ? ಉತ್ತರಿಸಲು ಮೂರು ಗುಂಡಿಗಳಿದ್ದವು. ಒಬ್ಬರೇ. ಬೇರೆ ಬೇರೆ. ಗೊತ್ತಿಲ್ಲ.

ಕನ್ನಡಕ ಹಾಕಿಕೊಂಡು ನೋಡಿದೆ. ಎರಡರಲ್ಲೂ ಅದೇ ಕೆಂಪುಗಂದು ಬಣ್ಣದ ಕೂದಲು, ಅದೇ ಉದ್ದ ಮೂಗು, ಅದೇ ಹಸಿರು ಉಣ್ಣೆಯ ತೋಳಿಲ್ಲದ ಅಂಗಿ. ಪೆನ್ಯೋನ ಬಗೆಯ ಫೋನು ಇಡೀ ಒಬ್ಬಳನ್ನು ಹುಡುಕಿದ್ದರೆ ನನ್ನದು ಅವಳನ್ನು ಎರಡು ಹೋಳು ಮಾಡಿದೆ ಎಂದುಕೊಂಡೆ. ಇನ್ನೂರ ಹನ್ನೆರಡಕ್ಕೆ ಅರವತ್ತೊಂದನ್ನು ಕೂಡಿಸಿದೆ. ಇನ್ನೂರ ಎಪ್ಪತ್ತಮೂರು. ಎರಡು ದಾರಿಯಲ್ಲಿ ಮಾಡಿದ ಲೆಕ್ಕ ಒಂದೇ ಮೊತ್ತಕ್ಕೆ ಬಂದರೆ ಲೆಕ್ಕ ಸರಿಯೆಂದು ಮಕ್ಕಳಿಗೆ ಕಲಿಸಿದ್ದೇನೆ. 'ಒಬ್ಬರೇ' ಎಂಬುದನ್ನು ಒತ್ತಿದೆ. ಅದು ಇನ್ನೊಂದು ಜೋಡಿ ಮುಖಗಳನ್ನು ತಂದು ಮತ್ತೆ ಕೇಳಿತು. ಮತ್ತೆ ಒತ್ತಿದೆ. ಹೀಗೆ ಐದು ಸಲ. ಐದನೆಯ ಸಲದ ನಂತರ ಎರಡು ಚೌಕಟ್ಟುಗಳು ಕೂಡಿಕೊಂಡು ಒಂದಾದವು.

ಪೆನ್ಯೋ ಬಂದು ನೋಡಿ, ಮುಖ ಹುಡುಕುವುದರಲ್ಲಿ ಸರಿಸಮ ಎಂದು ಒಪ್ಪಿಕೊಂಡ.

ಚಿತ್ರ ಆರಿಸುವಾಗ ಧ್ವನಿಯನ್ನೇ ಬಳಸಿದೆ. ರಾಡ್ಕಾ ನಗುತ್ತಿರುವ ಚಿತ್ರ ತೋರಿಸು, ಎಂದೆ. ಕೆಲವು ಬಂದವು. ಒಂದರಲ್ಲಿ ಅವಳು ಸೇತುವೆಯ ಕಂಬಿಗೆ ಒರಗಿ ನಿಂತಿದ್ದಾಳೆ. ಗಾಳಿಗೆ ಕೂದಲು ಹಾರಿ ಕಿವಿಗಳನ್ನು ಮುಚ್ಚಿದೆ. ಫೋನು ಹಿಡಿದವರನ್ನೇ ನೇರವಾಗಿ ನೋಡುತ್ತ, ಬಾಯ್ತೆರೆದು, ಹಿಂದಿನ ಹಲ್ಲುಗಳೂ ಕಾಣುವಂತೆ ನಗುತ್ತಿದ್ದಾಳೆ. ರಾಡ್ಕಾ ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಅದರಿಂದ ನನಗೆ ಅನುಮಾನ ಹುಟ್ಟಲಿಲ್ಲ. ಹೀಗೂ ನಗುತ್ತಿದ್ದಳು ಎಂದುಕೊಂಡೆ. ಗಿನ್ಕಾ ಹೇಳಿದ್ದ ಮುಖ ಇದೇ ಇರಬೇಕು ಎಂದುಕೊಂಡೆ. ರಾಡ್ಕಾಳ ಫೋನು ಆಗ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಲಿಲ್ಲ.

ಮುದ್ರಣದ ಅಂಗಡಿಯ ಹೆಂಗಸು ಚಿತ್ರವನ್ನು ದೊಡ್ಡದು ಮಾಡಿ, ಇದೇನಾ ಎಂದು ಕೇಳಿದಳು. ಹೌದೆಂದು ತಲೆಯನ್ನು ಅಡ್ಡಡ್ಡ ಆಡಿಸಿದೆ, ನಮ್ಮಲ್ಲಿ ಎಲ್ಲರೂ ಆಡಿಸುವಂತೆ. ಬಹಳ ಲಕ್ಷಣವಾಗಿದ್ದರು ಎಂದಳು.

ಬುಧವಾರ ಬೆಳಿಗ್ಗೆ ಮೈದಾ ಅಂಟು ಕಾಯಿಸಿಕೊಂಡು ಹೊರಟೆ. ನನ್ನ ಬಾಗಿಲು, ಬಸ್ ನಿಲ್ದಾಣ, ಮಾರುಕಟ್ಟೆಯ ದಾರಿಯ ಕಂಬಗಳು, ರಾಡ್ಕಾ ದುಡಿದ ನೇಯ್ಗೆ ಗಿರಣಿಯ ಗೇಟು, ಚರ್ಚಿನ ಹಲಗೆ. ಕೊನೆಗೆ ಸೇತುವೆ ದಾಟಿ ಗಿನ್ಕಾಳ ಕಟ್ಟಡಕ್ಕೆ ಹೋದೆ. ಅಲ್ಲಿಯ ಬಾಗಿಲಿಗೆ ಒಂದು ಹಾಳೆಯನ್ನು ಅಂಟಿಸಿದೆ, ಅವಳ ಕಣ್ಣಿನ ಎತ್ತರಕ್ಕೆ. ಚೀಲದಲ್ಲಿ ಮೂರು ಉಳಿದವು. ಮನೆಗೆ ಬಂದು ಹುರುಳಿಕಾಯಿ ಸಾರು ಬಿಸಿ ಮಾಡಿ ಉಂಡೆ.

ಗಿನ್ಕಾ ಬಂದಾಗ ಮೂರು ಗಂಟೆ ಆಗಿತ್ತು. ಒಂದು ಕೈಯಲ್ಲಿ ದೊಣ್ಣೆಮೆಣಸಿನಕಾಯಿಯ ಚೀಲ, ಇನ್ನೊಂದರಲ್ಲಿ ಒದ್ದೆ ಹಾಳೆ. ಅವಳು ಬೆಳಿಗ್ಗೆ ನಾನು ಹೋಗುವ ಮೊದಲೇ ಮಾರುಕಟ್ಟೆಗೆ ಹೊರಟಿದ್ದಳಂತೆ. ಮೆಣಸಿನಕಾಯಿ ಮಾರುವವಳು ಇವಳನ್ನು ಕಂಡು ಶಿಲುಬೆಯ ಗುರುತು ಹಾಕಿಕೊಂಡು, ಚೌಕಾಸಿಯಿಲ್ಲದೆ ಕೇಳಿದ ಬೆಲೆಗೇ ಕೊಟ್ಟಳಂತೆ. ಬಸ್ಸಿನಲ್ಲಿ ಇಬ್ಬರು ಒಟ್ಟಿಗೆ ಎದ್ದು ಸೀಟು ಬಿಟ್ಟುಕೊಟ್ಟರಂತೆ. ಊರಿಗೆ ಇವತ್ತಾದರೂ ಬುದ್ಧಿ ಬಂತಲ್ಲ ಎಂದುಕೊಂಡು ಕಟ್ಟಡದ ಬಾಗಿಲಿಗೆ ಬಂದರೆ ಅಲ್ಲಿ ತನ್ನ ಮುಖ ನಗುತ್ತಿತ್ತು. ಇದನ್ನೆಲ್ಲ ಅವಳು ನಿಂತುಕೊಂಡೇ, ದನಿಯೆತ್ತದೆ ಹೇಳಿದಳು. ಆಮೇಲೆ ಕುಳಿತು ಹಾಳೆಯನ್ನು ಮೇಜಿನ ಮೇಲೆ ಹರಡಿದಳು.

"ಇದ್ಯಾರು, ಭಾವ?"

ಅಷ್ಟೆಲ್ಲ ಹೇಳಿದ ಮೇಲೂ ನನ್ನ ಬಾಯಿಂದ ಮೊದಲು ಬಂದ ಉತ್ತರ, "ರಾಡ್ಕಾ."

ಅವಳು ತಲೆವಸ್ತ್ರ ಬಿಚ್ಚಿ ಹಾಳೆಯನ್ನು ಎತ್ತಿ ಕೆನ್ನೆಯ ಪಕ್ಕಕ್ಕೆ ಹಿಡಿದುಕೊಂಡಳು. "ಈಗ ಹೇಳು."

ಹಾಳೆಯನ್ನು ನೋಡಿದೆ. ಅವಳನ್ನು ನೋಡಿದೆ. ಮತ್ತೆ ಹಾಳೆಯನ್ನು ನೋಡಿದೆ.

"ನೀನು," ಎಂದೆ.

"ಎದುರು ಮನೆಯವಳು ನನ್ನ ಬಾಗ್ಲಲ್ಲಿ ಎರಡು ಹೂ ಇಟ್ಟು ಹೋಗಿದ್ದಾಳೆ. ಸತ್ತೋರಿಗೆ ಇಡೋ ಹಾಗೆ, ಲೆಕ್ಕ ಹಾಕಿ ಎರಡು. ನೀರಲ್ಲಿ ಹಾಕಿಟ್ಟು ಬಂದೆ. ಪಾಪ, ದುಡ್ಡು ಕೊಟ್ಟು ತಂದಿರೋ ಹೂವು."

ಫೋನು ಎರಡು ಮುಖಗಳನ್ನು ಒಂದಾಗಿ ತೋರಿಸಿತೆಂದು ವಿವರಿಸಲು ಹೊರಟೆ. ಪೆನ್ಯೋನೊಡನೆ ನಡೆಸಿದ ಪರೀಕ್ಷೆ, ಅಂಕಗಳು, ಮೊತ್ತ ಎಲ್ಲವನ್ನೂ ಹೇಳಿದೆ. ಗಿನ್ಕಾ ಕೇಳಿಸಿಕೊಂಡಳು. ನನ್ನ ಫೋನನ್ನು ತೆಗೆದುಕೊಂಡು ಬೆರಳಿನಿಂದ ಚಿತ್ರಗಳನ್ನು ಮೇಲಕ್ಕೆ ಸರಿಸುತ್ತ ಹೋದಳು. ಹೆಚ್ಚಿನವು ಗಿನ್ಕಾಳವೇ. ಚಿತ್ರ ತೆಗೆಯುವವಳು ಚಿತ್ರದಲ್ಲಿ ಇರುವುದಿಲ್ಲ. ಭಾನುವಾರಗಳಲ್ಲಿ ಅಕ್ಕತಂಗಿಯರಿಬ್ಬರೂ ತಿರುಗಾಡಲು ಹೋಗುತ್ತಿದ್ದರು; ಒಂದು ಪೊಟ್ಟಣ ಕೂದಲ ಬಣ್ಣ ಕೊಂಡು ಅರ್ಧರ್ಧ ಹಚ್ಚಿಕೊಳ್ಳುತ್ತಿದ್ದರು, ಒಂದೇ ಉಂಡೆಯ ಹಸಿರು ಉಣ್ಣೆಯಲ್ಲಿ ಎರಡು ಅಂಗಿ ಹೆಣೆದುಕೊಂಡಿದ್ದರು. ಆ ಭಾನುವಾರಗಳಲ್ಲಿ ನಾನು ಮನೆಯಲ್ಲಿ ಚದುರಂಗದ ಸಮಸ್ಯೆಗಳನ್ನು ಬಿಡಿಸುತ್ತಿದ್ದೆ.

"ಇದು ನಿನ್ನನ್ನ ಕೇಳ್ಲಿಲ್ವಾ? ಇಬ್ರೂ ಒಬ್ರೇನಾ ಅಂತ?"

"ಕೇಳಿತು."

"ನೀನೇನಂದೆ?"

"ಒಬ್ಬರೇ ಅಂದೆ."

"ಒಂದು ಸಲಾನಾ?"

"ಐದು ಸಲ."

ಅವಳು ಫೋನನ್ನು ಮೇಜಿನ ಮೇಲೆ ಮಗುಚಿಟ್ಟಳು. ಯಂತ್ರಕ್ಕೆ ಅನುಮಾನವಿತ್ತು. ನನಗಿರಲಿಲ್ಲ. ಕಣ್ಣಿನ ದೋಷವೆನ್ನಬಹುದಾಗಿತ್ತು, ಆದರೆ ಎರಡೂ ಕಣ್ಣುಗಳ ಪೊರೆ ತೆಗೆಸಿಕೊಂಡಿದ್ದೇನೆ, ಎದುರು ಬೆಟ್ಟದ ಮೇಲಿನ ಮರಗಳನ್ನು ಎಣಿಸಬಲ್ಲೆ. ಗೊತ್ತಿಲ್ಲ ಎಂಬ ಗುಂಡಿಯೂ ಇತ್ತು.

ಗಿನ್ಕಾ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಇದನ್ನ ತೆಗೆದಿದ್ದು ಅವಳು. ಸೇತುವೆ ಮೇಲೆ, ಹೋದ ವರ್ಷದ ಹಿಂದಿನ ವರ್ಷ, ವಸಂತದಲ್ಲಿ. ನಾನು ಮುಖ ಗಂಟು ಹಾಕ್ಕೊಂಡಿದ್ದೆ, ಕಾಲು ನೋಯ್ತಿತ್ತು. 'ನಗೇ, ನಿನ್ನ ಸಾವಿನ ಹಾಳೆಗೆ ಇದನ್ನೇ ಹಾಕ್ಸೋದು' ಅಂದ್ಲು. ಅದಕ್ಕೇ ನಕ್ಕಿದ್ದು."

ಬೆರಳಿನಿಂದ ಹಾಳೆಯ ಸುಕ್ಕನ್ನು ಸವರಿದಳು. ಅಂಟು ಇನ್ನೂ ಒದ್ದೆಯಿತ್ತು.

"ನಡಿ. ಕತ್ತಲಾಗೋದ್ರೊಳಗೆ ಎಲ್ಲಾ ಕಿತ್ತು ಬರೋಣ. ನಾಳೆ ನನ್ನ ಪಿಂಚಣಿ ದಿನ. ಅಂಚೆ ಕಚೇರಿಯೋರು ಕೊಡಲ್ಲ ಅಂದ್ರೆ ಏನ್ಮಾಡ್ಲಿ?"

ಬಕೆಟಿನಲ್ಲಿ ಬಿಸಿನೀರು, ಎರಡು ಹಳೆಯ ಅಡುಗೆಚೂರಿಗಳನ್ನು ತೆಗೆದುಕೊಂಡು ಹೊರಟೆವು. ನಾನು ಹೋದ ದಾರಿಯಲ್ಲಿಯೇ, ಅದೇ ಕ್ರಮದಲ್ಲಿ. ಮೈದಾ ಅಂಟು ಒಣಗಿದ ಮೇಲೆ ಬಿಡುವುದಿಲ್ಲ. ಹಣೆ ಬಂದರೆ ಬಾಯಿ ಕಂಬದಲ್ಲೇ ಉಳಿಯುತ್ತಿತ್ತು. ಗಿನ್ಕಾ ನೀರೆರಚಿ ನೆನೆಸುವಳು, ನಾನು ಹೆರೆಯುವೆ. ದಾರಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಟೋಪಿ ತೆಗೆದು ನನಗೆ ಸಂತಾಪ ಹೇಳಿದ. ಪಕ್ಕದಲ್ಲಿದ್ದ ಗಿನ್ಕಾಳನ್ನು ನೋಡಿ ಟೋಪಿಯನ್ನು ಮತ್ತೆ ಹಾಕಿಕೊಂಡ, ಮತ್ತೆ ತೆಗೆದ. ಅವಳು ಅವನಿಗೆ ಬಕೆಟು ಹಿಡಿಯಲು ಕೊಟ್ಟು ಕೈ ಒರೆಸಿಕೊಂಡಳು.

ಗಿರಣಿಯ ಗೇಟಿನ ಕಾವಲುಗಾರ ಅಕ್ಕತಂಗಿಯರಿಬ್ಬರನ್ನೂ ಬಲ್ಲವನು. ಬೆಳಿಗ್ಗೆಯೇ ಮುಖ ಬೇರೆಯೆಂದು ಅನ್ನಿಸಿತ್ತೆಂದು ಹೇಳಿದ. ಯಾಕೆ ಹೇಳಲಿಲ್ಲವೆಂದು ಕೇಳಿದೆ.

"ಗಂಡನೇ ಬಂದು ಅಂಟಿಸ್ತಿದ್ರಲ್ಲ ಮೇಷ್ಟ್ರೇ. ನಿಮಗಿಂತ ಹೆಚ್ಚು ನನಗೇನು ಗೊತ್ತಿರತ್ತೆ ಅಂತ ಸುಮ್ಮನಾದೆ."

ಚರ್ಚಿನ ಹಲಗೆಯ ಬಳಿ ಗಿನ್ಕಾ ಮೆಟ್ಟಿಲ ಮೇಲೆ ಕುಳಿತಳು. ನಿಮ್ಮಿಬ್ಬರನ್ನು ಹೇಗೆ ಬೇರೆ ಮಾಡುವುದು ಎಂದು ನಾನು ಕೇಳಿದ್ದಕ್ಕೆ, ಕಾಲು ನೀವಿಕೊಳ್ಳುತ್ತ, ಮಕ್ಕಳಿಗೆ ಹೇಳುವಷ್ಟು ನಿಧಾನವಾಗಿ ಹೇಳಿದಳು.

"ಅವಳ ಎಡಗಿವಿ ಹಾಲೆ ಸೀಳಿತ್ತು. ಒಂಬತ್ತು ವರ್ಷದವಳಿದ್ದಾಗ ಬಾತುಕೋಳಿ ಓಲೆ ಕಚ್ಚಿ ಎಳೆದಿದ್ದು. ಅದಕ್ಕೇ ಆಮೇಲೆ ಓಲೆ ಹಾಕ್ತಿರಲಿಲ್ಲ."

ಓಲೆ ಇಷ್ಟವಿಲ್ಲವೆಂದು ನಾನು ತಿಳಿದಿದ್ದೆ. ಮದುವೆಯ ವರ್ಷ ಕೊಂಡುಕೊಟ್ಟ ಜೋಡಿ ಇನ್ನೂ ಡಬ್ಬಿಯಲ್ಲಿದೆ. ಕಿವಿಯ ವಿಷಯ ಗೊತ್ತಿರಲಿಲ್ಲವೆಂದೆ.

"ಬಸ್ಸಲ್ಲಿ ಯಾವ ಕಡೆ ಕೂರ್ತಿದ್ಲು ನಿನ್ನ ಪಕ್ಕ?"

"ಎಡಕ್ಕೆ."

"ಊಟಕ್ಕೆ?"

"ಎಡಕ್ಕೆ."

"ಹಾಸಿಗೇಲಿ?"

ಅದಕ್ಕೂ ಉತ್ತರ ಒಂದೇ. ಎಡಕ್ಕಿರುವವರ ಬಲಗಿವಿ ಕಾಣುತ್ತದೆ, ಎಡಗಿವಿ ಕಾಣುವುದಿಲ್ಲ. ಅದರಲ್ಲಿ ತಪ್ಪೇನಿಲ್ಲ. ಎದುರಿಗೆ ಕುಳಿತಿದ್ದರೆ ಎರಡೂ ಕಾಣುತ್ತಿದ್ದವು. ಮೇಜಿಗೆ ನಾಲ್ಕು ಬದಿಗಳಿದ್ದವು. ಎದುರಿನ ಬದಿಯಲ್ಲಿ ದೂರದರ್ಶನ ಇತ್ತು.

ದೀಪಗಳು ಹತ್ತಿಕೊಳ್ಳುವ ಹೊತ್ತಿಗೆ ಮೂವತ್ತಾರು ಹಾಳೆಗಳು ಬಂದವು. ಮೂವತ್ತೇಳನೆಯದು ನನ್ನ ಮೇಜಿನ ಮೇಲಿತ್ತು.

ವರ್ಷದ ದಿನಕ್ಕೆ ಇನ್ನೂ ಸಮಯವಿತ್ತು. ಫೋನಿನಲ್ಲಿ ಕೂಡಿಸಿದ್ದನ್ನು ಬಿಡಿಸಿದೆ. ಅದು ತಕರಾರಿಲ್ಲದೆ ಮತ್ತೆ ಇನ್ನೂರ ಹನ್ನೆರಡು ಮತ್ತು ಅರವತ್ತೊಂದಾಯಿತು. ಗುರುವಾರ ಗಿನ್ಕಾಳ ಮನೆಗೆ ಹೋಗಿ ಆ ಅರವತ್ತೊಂದರಲ್ಲಿ ಒಂದನ್ನು ಆರಿಸಿಕೊಡೆಂದು ಕೇಳಿದೆ. ಕಿಟಕಿಯಲ್ಲಿ ಆ ಎರಡು ಹೂಗಳು ಗಾಜಿನ ಲೋಟದಲ್ಲಿದ್ದವು. ಅವಳು ಫೋನನ್ನು ಮುಟ್ಟಲಿಲ್ಲ.

"ನಾನು ತೋರ್ಸಿದ್ರೆ ಅದು ನನ್ನ ಉತ್ತರ ಆಗತ್ತೆ. ಪಕ್ಕದವರದ್ದು ನೋಡಿ ಬರೆಯೋರಿಗೆ ನೀನೇನು ಕೊಡ್ತಿದ್ದೆ?"

ಸೊನ್ನೆ ಕೊಡುತ್ತಿದ್ದೆ.

ಮನೆಗೆ ಬಂದರೆ ಪೆನ್ಯೋ ನಮ್ಮ ಕಟ್ಟಡದ ಮೆಟ್ಟಿಲಲ್ಲಿ ಕಾದು ನಿಂತಿದ್ದ. ತಪ್ಪೆಲ್ಲ ತನ್ನ ಬಗೆಯ ಫೋನಿನದೆಂದೂ ನನ್ನದು ಗೆದ್ದಿತೆಂದೂ ಒಪ್ಪಿಕೊಂಡ. ಅದು ಮೊದಲೇ ಇಬ್ಬರೆಂದು ಹೇಳಿತ್ತಲ್ಲ ಎಂದ. ಅಂಕ ಫೋನಿನದು, ನನ್ನದಲ್ಲ ಎಂದೆ. ಅವನ ಹೆಂಡತಿ ಕೊಟ್ಟು ಕಳುಹಿಸಿದ್ದ ರೊಟ್ಟಿಯನ್ನು ತೆಗೆದುಕೊಂಡೆ.

ಹೊಸ ಹಾಳೆ ಒಂದೇ ಒಂದು ಮುದ್ರಿಸಿದೆ. ಹೆಸರು, ದಿನಾಂಕ, ಮೇಲೆ ಕಪ್ಪು ಗೆರೆಯ ಚೌಕ, ಚೌಕದೊಳಗೆ ಏನೂ ಇಲ್ಲ. ಅಂಗಡಿಯ ಹೆಂಗಸು ಚಿತ್ರ ಬಿಟ್ಟುಹೋಗಿದೆ ಎಂದಳು. ಹಾಗೆಯೇ ಇರಲಿ ಎಂದೆ. ಅದನ್ನು ನನ್ನ ಬಾಗಿಲಿಗೆ ಅಂಟಿಸಿದೆ.

ಸತ್ತವರ ಪ್ರಾರ್ಥನೆ ನಮ್ಮಲ್ಲಿ ವರ್ಷದ ದಿನದ ಹಿಂದಿನ ಶನಿವಾರ ನಡೆಯುತ್ತದೆ; ಆ ದಿನ ಸಮಾಧಿಯ ಬಳಿ ಜನ ಹೆಚ್ಚಿರಲಿಲ್ಲ. ಪಾದ್ರಿ ಓದಿ ಹೋದ. ಗಿನ್ಕಾ ಮಣ್ಣಿನ ಮೇಲೆ ಕೆಂಪು ವೈನನ್ನು ಶಿಲುಬೆಯಾಕಾರದಲ್ಲಿ ಸುರಿದಳು. ಗೋಧಿಯನ್ನು ನಾನೇ ಹಿಂದಿನ ದಿನ ನೆನೆಸಿ ಬೇಯಿಸಿದ್ದೆ. ಎರಡೂವರೆ ಗಂಟೆ ಬೇಕಾಯಿತು. ಅವಳು ತಿಂದು, ಸಕ್ಕರೆ ಕಡಿಮೆಯೆಂದಳು. ಬಾಗಿಲ ಮೇಲಿನ ಹಾಳೆಯನ್ನು ಬರುವಾಗ ನೋಡಿದೆನೆಂದಳು.

"ಈ ಸಲ ತಪ್ಪಿಲ್ಲ," ಎಂದಳು.

ಉಳಿದಿದ್ದ ಮೂರು ಹಳೆಯ ಹಾಳೆಗಳನ್ನು ಅವಳಿಗೆ ಕೊಡಲು ತಂದಿದ್ದೆ. ಅವಳು ಅವನ್ನು ಸುರುಳಿ ಸುತ್ತಿ, ಖಾಲಿಯಾದ ವೈನಿನ ಬಾಟಲಿಯ ಜೊತೆ ಚೀಲಕ್ಕೆ ಹಾಕಿಕೊಂಡಳು.

"ಇವು ನನಗಿರ್ಲಿ. ನನ್ನ ಸರದಿ ಬಂದಾಗ ಹೆಸರಿನ ಮೇಲೆ ಹೆಸರು ಅಂಟಿಸಿದ್ರೆ ಆಯ್ತು. ಮುಖ ಚೆನ್ನಾಗಿದೆ, ಅವಳೇ ಆರಿಸಿದ್ದು." ಚೀಲವನ್ನು ತೋಳಿಗೆ ಏರಿಸಿಕೊಂಡಳು. "ನೀನು ನನಗೆ ಕೊಡಬೇಕಿದ್ದ ಬಾಕಿ ತೀರ್ತು, ಭಾವ. ಅವಳದ್ದು ಇದೆ."

ಬಸ್ಸಿನಲ್ಲಿ ಅವಳು ಎದುರಿನ ಸೀಟಿನಲ್ಲಿ ಕುಳಿತಳು.

ಎರಡನೆಯ ವರ್ಷಕ್ಕೆ ಹಾಳೆ ಅಂಟಿಸುವುದು ನಮ್ಮಲ್ಲಿ ಕಡ್ಡಾಯವಲ್ಲ, ಕೆಲವರು ಅಂಟಿಸುತ್ತಾರೆ. ಊಟವಾದ ಮೇಲೆ ಫೋನನ್ನು ಮೇಜಿನ ಎದುರು ಬದಿಯಲ್ಲಿ ನೀರಿನ ಹೂಜಿಗೆ ಒರಗಿಸಿಟ್ಟು ಆ ಅರವತ್ತೊಂದನ್ನು ನೋಡುತ್ತೇನೆ. ಇಪ್ಪತ್ತಮೂರರಲ್ಲಿ ಎಡಗಿವಿ ಕಾಣುತ್ತದೆ, ಹಾಲೆ ಸೀಳಿದೆ. ಅವು ರಾಡ್ಕಾ. ಉಳಿದ ಮೂವತ್ತೆಂಟೂ ಅವಳೇ ಎಂದು ಫೋನು ಹೇಳುತ್ತದೆ. ನನಗೆ ಇನ್ನೂ ಗೊತ್ತಿಲ್ಲ. ಚೌಕ ಖಾಲಿಯಿದೆ, ಬಾಕಿ ಹಾಗೆಯೇ ಇದೆ.